ಬಿಟ್ಟ ಕೆಲಸಕ್ಕೆ ಮರಳುವಾಗ: ಧೈರ್ಯ ಮೊದಲೋ, ಕೆಲಸ ಮೊದಲೋ?

ಬೆಳಿಗ್ಗೆ ಏಳಕ್ಕೆ ಲ್ಯಾಬ್ ಬಾಗಿಲು ತೆಗೆಯುವ ಹೊತ್ತಿಗೆ ಹೊರಗೆ ಎಂಟು ಹತ್ತು ಜನ ಕೂತಿರುತ್ತಾರೆ. ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್ ಅಂತ ಚೀಟಿ ಹಿಡಿದು ಖಾಲಿ ಹೊಟ್ಟೆಯಲ್ಲಿ ಬಂದವರು. ನಾನು ಐದು ವರ್ಷ ಮನೆಯಲ್ಲಿದ್ದು ಮತ್ತೆ ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಸೇರಿದ್ದೆ. ಪಕ್ಕದಲ್ಲಿ ಸೀನಿಯರ್ ಇಲ್ಲದೆ ಒಬ್ಬಳೇ ರಕ್ತ ತೆಗೆಯಬೇಕಾದ ಮೊದಲ ದಿನ ಅದು. ಬಂದು ಕೂತವರು ಎಪ್ಪತ್ತರ ಹತ್ತಿರದ ಒಬ್ಬ ಅಜ್ಜಿ. ಬಳೆ ಮೇಲಕ್ಕೇರಿಸಿ ಕೈ ಚಾಚಿದರು. "ನಂಗೆ ನರ ಸಿಗಲ್ಲ ಕಣವ್ವ. ಎಲ್ಲಿ ಹೋದ್ರೂ ಎರಡು ಮೂರು ಸಲ ಚುಚ್ತಾರೆ" ಅಂದರು.

ನನ್ನ ಬಾಯಿ ಒಣಗಿತು. ಮೊಣಕೈಗಿಂತ ನಾಲ್ಕು ಬೆರಳು ಮೇಲೆ ರಬ್ಬರ್ ಪಟ್ಟಿ ಕಟ್ಟಿದೆ. ಮುಷ್ಟಿ ಹಿಡಿಯಲು ಹೇಳಿದೆ. ಕಣ್ಣಿಗೆ ಏನೂ ಕಾಣಲಿಲ್ಲ, ಸುಕ್ಕು ಚರ್ಮ ಅಷ್ಟೆ. ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಬಿಗಿದಿಡುವಂತಿಲ್ಲ. ಇಟ್ಟರೆ ರಿಪೋರ್ಟಿನ ಅಂಕಿಗಳೇ ಏರುಪೇರಾಗುತ್ತವೆ. ತೋರುಬೆರಳನ್ನು ಮೊಣಕೈ ಮಡಿಕೆಯಲ್ಲಿಟ್ಟು ಒತ್ತಿದೆ, ಬಿಟ್ಟೆ, ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ಒತ್ತಿದೆ. ಒಂದು ಕಡೆ ಬೆರಳಿನ ಕೆಳಗೆ ಏನೋ ಪುಟಿಯಿತು. ನೀರು ತುಂಬಿದ ಸಣ್ಣ ರಬ್ಬರ್ ಕೊಳವೆಯನ್ನು ಒತ್ತಿ ಬಿಟ್ಟ ಹಾಗೆ. ತಲೆ ಇನ್ನೂ "ನಿನ್ನಿಂದ ಆಗಲ್ಲ" ಅನ್ನುತ್ತಿತ್ತು. ಬೆರಳು "ಇಲ್ಲೇ ಇದೆ" ಅಂದಿತು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಆರಲು ಬಿಟ್ಟು, ಸೂಜಿಯನ್ನು ಓರೆಯಾಗಿ ಇಳಿಸಿದೆ. ಟ್ಯೂಬಿನೊಳಗೆ ರಕ್ತ ಸರ್ರನೆ ಬಂತು.

"ಆಯ್ತಾ? ಗೊತ್ತೇ ಆಗ್ಲಿಲ್ಲ ನೋಡು" ಅಂದರು ಅಜ್ಜಿ.

ಅದಕ್ಕೆ ಕಾಲು ಗಂಟೆ ಮೊದಲು ನಾನು ಬಾತ್‌ರೂಮಿನಲ್ಲಿ ನಿಂತಿದ್ದೆ. ಹೊಟ್ಟೆನೋವು ಅಂತ ಹೇಳಿ ಮನೆಗೆ ಹೋಗಿಬಿಡಲಾ ಅಂತ ಯೋಚಿಸುತ್ತಿದ್ದೆ. ಹೋಗಿದ್ದರೆ ಆ ದಿನ ಸಂಜೆ ನನಗೆ ಒಂದು ವಿಷಯ ಖಾತ್ರಿಯಾಗುತ್ತಿತ್ತು: ನನ್ನಿಂದ ಆಗುವುದಿಲ್ಲ ಅಂತ. ಅದು ಸುಳ್ಳು ಅಂತ ತಿಳಿಯುವ ದಾರಿಯೇ ಇರುತ್ತಿರಲಿಲ್ಲ.

ಹೆರಿಗೆ, ಮಕ್ಕಳು, ಕಾಯಿಲೆ, ಹಿರಿಯರ ಆರೈಕೆ, ಕೆಲಸ ಹೋಗಿದ್ದು, ಹೀಗೆ ಯಾವುದೋ ಕಾರಣಕ್ಕೆ ದುಡಿಮೆ ಬಿಟ್ಟು ಮರಳುವವರು ನಮ್ಮ ನಡುವೆ ಎಷ್ಟೋ ಜನ. ಎಲ್ಲರೂ ಹೇಳುವ ಮಾತು ಒಂದೇ: "ಮೊದಲು ಸ್ವಲ್ಪ ಧೈರ್ಯ ಬರಲಿ, ಆಮೇಲೆ ಶುರು ಮಾಡ್ತೀನಿ." ಈ ಮಾತಿನಲ್ಲಿ ಹಿಂದು ಮುಂದಾಗಿರುವುದು ಯಾವುದು, ಅದಕ್ಕೆ ಕಾರಣವೇನು ಅಂತ ಬಿಡಿಸಿ ಹೇಳಲು ಇದನ್ನು ಬರೆಯುತ್ತಿದ್ದೇನೆ. ನಾನು ಮನಶ್ಶಾಸ್ತ್ರ ಓದಿದವಳಲ್ಲ. ಆದರೆ ಈ ಅನುಮಾನ ನನ್ನನ್ನು ಎಷ್ಟು ಕಾಡಿತೆಂದರೆ, ಅದರ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಮನೆಯಲ್ಲಿದ್ದಾಗ ಅನುಮಾನ ಬೆಳೆಯುವುದು ಹೇಗೆ

ಅಮ್ಮನಿಗೆ ಲಕ್ವ ಹೊಡೆದಾಗ ನಾನು ಕೆಲಸ ಬಿಟ್ಟೆ. ಐದು ವರ್ಷ ಅಮ್ಮನ ಮಂಚದ ಪಕ್ಕದಲ್ಲೇ ಕಳೆದೆ. ಅಮ್ಮ ಹೋದ ಮೇಲೆ ಮನೆ ಖಾಲಿ ಖಾಲಿ ಅನ್ನಿಸಿತು. ಮಗನ ಫೀಸು, ಮನೆ ಬಾಡಿಗೆ ಎಲ್ಲ ಕಣ್ಣ ಮುಂದೆ ಇತ್ತು. ಹಳೆಯ ಸೀನಿಯರ್ ಒಬ್ಬರ ನಂಬರ್ ಫೋನಿನಲ್ಲಿತ್ತು. "ಬೇಕಾದಾಗ ಹೇಳಮ್ಮ, ಜಾಗ ಇದ್ರೆ ನೋಡೋಣ" ಅಂತ ಅವರು ಹಿಂದೆಯೇ ಹೇಳಿದ್ದರು. ಒಂದು ಫೋನ್ ಮಾಡುವುದು, ಅಷ್ಟೇ ತಾನೇ?

ಆ ಒಂದು ಫೋನಿಗೆ ನಾಲ್ಕು ತಿಂಗಳು ಹಿಡಿಯಿತು.

ದಿನಾ ಬೆಳಿಗ್ಗೆ ಮಾಡಬೇಕು ಅಂದುಕೊಳ್ಳುವುದು. ಹತ್ತು ಗಂಟೆಗೆ ಅವರಿಗೆ ಬಿಡುವಿರುವುದಿಲ್ಲ ಅನ್ನಿಸುವುದು. ಮಧ್ಯಾಹ್ನ ಊಟದ ಹೊತ್ತು. ಸಂಜೆಯಾದ ಮೇಲೆ ನಾಳೆ ಮಾಡಿದರಾಯಿತು. "ನಾಳೆ" ಅಂದ ಕೂಡಲೇ ಎದೆಯ ಮೇಲಿನ ಭಾರ ಇಳಿದ ಹಾಗೆ ಆಗುತ್ತಿತ್ತು. ಒಂದು ಲೋಟ ಟೀ ಕುಡಿದಷ್ಟು ಹಾಯೆನಿಸುತ್ತಿತ್ತು. ಗುಟ್ಟು ಇರುವುದು ಇಲ್ಲೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಮೌರರ್ 1947ರಲ್ಲಿ ಇದನ್ನು ವಿವರಿಸಿದ್ದರು. ಯಾವುದಾದರೂ ವಿಷಯಕ್ಕೆ ಭಯ ಅಂಟಿಕೊಳ್ಳುವುದು ಒಂದು ಹಂತ. ಆ ಭಯ ಉಳಿದುಕೊಳ್ಳುವುದು ಇನ್ನೊಂದು ಹಂತ. ಅದು ಉಳಿಯಲು ಕಾರಣ, ತಪ್ಪಿಸಿಕೊಂಡಾಗ ಸಿಗುವ ಆ ಹಾಯ್ ಅನ್ನುವ ಸುಖ. ಮನಸ್ಸು ಆ ಸುಖವನ್ನು ಬಹುಮಾನ ಅಂತ ಓದಿಕೊಳ್ಳುತ್ತದೆ. "ಫೋನ್ ಮಾಡಲಿಲ್ಲ, ಅಪಾಯ ತಪ್ಪಿತು" ಅಂತ ಬರೆದಿಟ್ಟುಕೊಳ್ಳುತ್ತದೆ. ನಿಜಕ್ಕೂ ಅಪಾಯ ಇತ್ತಾ ಅಂತ ಕೇಳುವವರೇ ಇಲ್ಲ. ಕಜ್ಜಿ ಕೆರೆದ ಹಾಗೆ, ಕೆರೆದಷ್ಟೂ ಹಿತ, ಹಿತವಾದಷ್ಟೂ ಹುಣ್ಣು.

ಜೊತೆಗೆ ಇನ್ನೊಂದು ನಡೆಯುತ್ತದೆ. ಕೆಲಸದಲ್ಲಿದ್ದಾಗ ದಿನಾ ಹತ್ತಾರು ಸಲ "ನನಗೆ ಬರುತ್ತದೆ" ಅನ್ನುವುದಕ್ಕೆ ಪುರಾವೆ ಸಿಗುತ್ತಿರುತ್ತದೆ. ನಾವು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಕೆಲಸ ಬಿಟ್ಟ ದಿನ ಆ ಪುರಾವೆ ನಿಂತುಹೋಗುತ್ತದೆ. ಹೊಸದೇನೂ ಸಿಗದಿದ್ದಾಗ ಮನಸ್ಸು ಹಳೆಯ ಪೆಟ್ಟಿಗೆ ಕೆದಕುತ್ತದೆ. ಅದಕ್ಕೆ ಮೊದಲು ಸಿಗುವುದು ತಪ್ಪುಗಳೇ.

ನನ್ನ ವಿಷಯದಲ್ಲಿ ಅದು ನೇರಳೆ ಮುಚ್ಚಳದ ಒಂದು ಟ್ಯೂಬ್. ರಕ್ತಕಣಗಳ ಎಣಿಕೆಗೆ ತೆಗೆಯುವ ರಕ್ತವನ್ನು ಆ ಟ್ಯೂಬಿಗೆ ತುಂಬಿದ ಮೇಲೆ, ಎಂಟು ಹತ್ತು ಸಲ ನಿಧಾನಕ್ಕೆ ತಲೆಕೆಳಗು ಮಾಡಬೇಕು. ಇಲ್ಲದಿದ್ದರೆ ಒಳಗಿನ ರಾಸಾಯನಿಕ ಬೆರೆಯದೆ ರಕ್ತ ಹೆಪ್ಪುಗಟ್ಟುತ್ತದೆ. ಒಂದು ಸಲ ಗಡಿಬಿಡಿಯಲ್ಲಿ ಹಾಗೆಯೇ ಸ್ಟ್ಯಾಂಡಿಗೆ ಇಟ್ಟುಬಿಟ್ಟೆ. ಪ್ಲೇಟ್‌ಲೆಟ್ ತುಂಬ ಕಡಿಮೆ ಬಂತು. ರೋಗಿಯ ಮನೆಯವರು ಗಾಬರಿಬಿದ್ದು ಓಡಿ ಬಂದರು. ಮತ್ತೆ ರಕ್ತ ತೆಗೆದು ನೋಡಿದರೆ ಎಲ್ಲ ಸರಿಯಿತ್ತು. ಐದು ವರ್ಷ ರಾತ್ರಿ ನಿದ್ದೆ ಬಾರದಾಗಲೆಲ್ಲ ನನಗೆ ಕಂಡಿದ್ದು ಆ ಒಂದು ಟ್ಯೂಬ್. ಒಂದು ದಿನ ಸುಮ್ನೆ ಲೆಕ್ಕ ಹಾಕಿದೆ. ದಿನಕ್ಕೆ ಮೂವತ್ತು ಸ್ಯಾಂಪಲ್, ವರ್ಷಕ್ಕೆ ಮುನ್ನೂರು ದಿನ, ಆರು ವರ್ಷದ ಸರ್ವಿಸ್. 54,000 ಆಯಿತು. ಅಷ್ಟರಲ್ಲಿ ಒಂದೇ ಒಂದು ಮುಖವೂ ನೆನಪಿಗೆ ಬರುತ್ತಿರಲಿಲ್ಲ, ತಪ್ಪಾದ ಆ ಒಂದು ಬಿಟ್ಟರೆ.

ನಿಜ ಹೇಳಬೇಕೆಂದರೆ ಆ ಲೆಕ್ಕದಿಂದಲೂ ನನಗೆ ಧೈರ್ಯ ಬರಲಿಲ್ಲ. "ಅದೆಲ್ಲ ಆಗಿನ ಕಥೆ" ಅಂದಿತು ಮನಸ್ಸು. ಹಳೆಯ ಪುರಾವೆಯನ್ನು ಅನುಮಾನ ಒಪ್ಪುವುದಿಲ್ಲ. ಹೊಸದು ಬೇಕು ಅನ್ನುತ್ತದೆ.

ಹಾವು ಮುಟ್ಟಿದವರ ಕಥೆ

ಆಲ್ಬರ್ಟ್ ಬಂಡೂರಾ ಅಂತ ಒಬ್ಬ ದೊಡ್ಡ ಮನಶ್ಶಾಸ್ತ್ರಜ್ಞರಿದ್ದರು. ಹುಟ್ಟಿದ್ದು ಕೆನಡಾದಲ್ಲಿ, 1925ರಲ್ಲಿ. ಬದುಕಿನ ಬಹುಪಾಲು ಪಾಠ ಮಾಡಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. 2021ರಲ್ಲಿ ತೀರಿಕೊಂಡರು. 1960ರ ದಶಕದ ಕೊನೆಯಲ್ಲಿ ಅವರು ಮತ್ತು ಅವರ ಜೊತೆಗಾರರು ಹಾವಿಗೆ ವಿಪರೀತ ಹೆದರುವ ಜನರನ್ನು ಕರೆದು ಪ್ರಯೋಗ ಮಾಡಿದರು. ಕೆಲವರಿಗೆ, ಬೇರೆಯವರು ಹಾವು ಹಿಡಿಯುವ ಸಿನಿಮಾ ತೋರಿಸಿದರು. ಕೆಲವರಿಗೆ ಮೈ ಸಡಿಲ ಬಿಟ್ಟು ಹಾವನ್ನು ಕಲ್ಪಿಸಿಕೊಳ್ಳಲು ಹೇಳಿದರು. ಇನ್ನೊಂದು ಗುಂಪಿನವರ ಜೊತೆ ಒಬ್ಬರು ನಿಂತು, ಮೊದಲು ತಾವು ಹಾವು ಮುಟ್ಟಿ ತೋರಿಸಿ, ಆಮೇಲೆ ಅವರಿಂದಲೂ ಮುಟ್ಟಿಸಿದರು. ಆದರೆ ಒಂದೇ ಏಟಿಗೆ ಹಾವು ಹಿಡಿಸಲಿಲ್ಲ. ಹಂತ ಹಂತವಾಗಿ ಹತ್ತಿರ ಕರೆತಂದರು. ಜೊತೆಯವರ ಕೈ ನಿಧಾನಕ್ಕೆ ಹಿಂದೆ ಸರಿಯಿತು. ಕೊನೆಗೆ ಅವರೊಬ್ಬರೇ.

ಭಯ ಎಲ್ಲಕ್ಕಿಂತ ಜಾಸ್ತಿ ಕಡಿಮೆಯಾಗಿದ್ದು ಹೀಗೆ ತಾವೇ ಮುಟ್ಟಿದವರಲ್ಲಿ. ನೋಡಿದವರಿಗೂ ಸ್ವಲ್ಪ ಉಪಯೋಗ ಆಯಿತು, ಕಲ್ಪಿಸಿಕೊಂಡವರಿಗೂ ಆಯಿತು. ಆದರೆ ಮುಟ್ಟಿದವರಷ್ಟು ಅಲ್ಲ.

ಇಂಥ ಪ್ರಯೋಗಗಳಿಂದ ಹೊರಟು ಬಂಡೂರಾ 1977ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಅದರ ತಿರುಳು ಇಷ್ಟು. ಒಬ್ಬ ಮನುಷ್ಯ ಒಂದು ಕೆಲಸಕ್ಕೆ ಕೈ ಹಾಕುತ್ತಾನೋ ಇಲ್ಲವೋ, ಕಷ್ಟ ಬಂದಾಗ ಎಷ್ಟು ಹೊತ್ತು ಹಿಡಿದು ನಿಲ್ಲುತ್ತಾನೆ ಅನ್ನುವುದು, "ಈ ಕೆಲಸ ನನ್ನಿಂದ ಆಗುತ್ತದೆ" ಅನ್ನುವ ನಂಬಿಕೆಯ ಮೇಲೆ ನಿಂತಿದೆ. ಇಲ್ಲಿ "ಈ ಕೆಲಸ" ಅನ್ನುವುದು ಮುಖ್ಯ. ನಾವು "ಆತ್ಮವಿಶ್ವಾಸ ಇಲ್ಲ" ಅಂತ ಇಡೀ ಮನುಷ್ಯನ ಮೇಲೆ ತೀರ್ಪು ಕೊಟ್ಟುಬಿಡುತ್ತೇವೆ. ನಂಬಿಕೆ ಇರುವುದು ಹಾಗಲ್ಲ, ಬಿಡಿ ಬಿಡಿಯಾಗಿ. ನನಗೆ ನೂರು ಜನಕ್ಕೆ ಅಡುಗೆ ಮಾಡುವ ಧೈರ್ಯ ಇತ್ತು. ಅಮ್ಮನ ಮೂಗಿನ ನಳಿಕೆಯಲ್ಲಿ ಗಂಜಿ ಕೊಡುವ ಧೈರ್ಯ ಇತ್ತು. ಇಲ್ಲದಿದ್ದುದು ಸೂಜಿ ಹಿಡಿಯುವ ಧೈರ್ಯ ಒಂದೇ. ಹೀಗೆ ಬಿಡಿಸಿ ನೋಡಿದಾಗ ಬೆಟ್ಟ ಅನ್ನಿಸಿದ್ದು ಗುಡ್ಡ ಆಗುತ್ತದೆ.

ಆ ನಂಬಿಕೆ ಬರುವುದು ನಾಲ್ಕು ಕಡೆಯಿಂದ ಅಂತ ಬಂಡೂರಾ ಹೇಳುತ್ತಾರೆ. ತಾನೇ ಮಾಡಿ ಗೆದ್ದ ಅನುಭವ. ತನ್ನಂಥವರೇ ಮಾಡಿದ್ದನ್ನು ನೋಡುವುದು. ಬೇರೆಯವರು ಹೇಳುವ ಧೈರ್ಯದ ಮಾತು. ಮತ್ತೆ ನಮ್ಮ ಮೈ ಕೊಡುವ ಸೂಚನೆಗಳು, ಅಂದರೆ ಎದೆ ಬಡಿತ, ಬೆವರು, ಕೈ ನಡುಕ. ಇವುಗಳಲ್ಲಿ ಗಟ್ಟಿಯಾದದ್ದು ಮೊದಲನೆಯದು.

ನಮ್ಮ ಕಡೆ ಹೆಚ್ಚು ಖರ್ಚಾಗುವುದು ಮೂರನೆಯದು, ಅಲ್ವಾ? "ಏನೂ ಆಗಲ್ಲ ಹೋಗು", "ನಿಂಗೇನ್ ಕಮ್ಮಿ", "ಎಲ್ಲಾ ಬರುತ್ತೆ ಬಿಡು." ನಮ್ಮ ಯಜಮಾನ್ರು ನಾಲ್ಕು ತಿಂಗಳು ದಿನಾ ಇದನ್ನೇ ಹೇಳಿದರು. ಪ್ರೀತಿಯಿಂದಲೇ ಹೇಳಿದರು, ಅದನ್ನು ಮರೆಯುವುದಿಲ್ಲ. ಆದರೆ ಅವರು ಬಿಎಸ್ಸೆನ್ನೆಲ್ ಲೈನಿನ ಕೆಲಸ ಮಾಡುವವರು. ನನ್ನ ಕೈಯಲ್ಲಿ ಸೂಜಿ ನಿಲ್ಲುತ್ತದೋ ಇಲ್ಲವೋ ಅವರಿಗೆ ಹೇಗೆ ಗೊತ್ತು ಅಂತ ನನ್ನ ಮನಸ್ಸು ಪ್ರಶ್ನೆ ಹಾಕುತ್ತಿತ್ತು. ಧೈರ್ಯದ ಮಾತು ನಮ್ಮನ್ನು ಬಾಗಿಲವರೆಗೆ ಬಿಡುತ್ತದೆ. ಒಳಗೆ ಕಾಲಿಡಬೇಕಾದವರು ನಾವೇ.

ಎದೆ ಬಡಿತದ ಬಗ್ಗೆ ಒಂದು ಮಾತು. ಕೈ ನಡುಗಿದರೆ "ನೋಡು, ಬರಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ" ಅಂತ ಓದಿಕೊಳ್ಳುತ್ತೇವೆ. ಹಬ್ಬದ ಓಟದಲ್ಲಿ ಗೆರೆ ಮೇಲೆ ನಿಂತ ಹುಡುಗನಿಗೂ ಎದೆ ಹಾಗೆಯೇ ಬಡಿಯುತ್ತದೆ. ಹೊಸ ಕೆಲಸಕ್ಕೆ ಮೈ ಸಿದ್ಧವಾಗುವ ರೀತಿ ಅದು. ನಡುಕ ಇದ್ದೂ ಕೆಲಸ ಸರಿಯಾಗಿ ಮುಗಿದದ್ದನ್ನು ನಾಲ್ಕು ಸಲ ಕಂಡ ಮೇಲೆ, ನಡುಕದ ಅರ್ಥವೇ ಬದಲಾಗುತ್ತದೆ.

ಮರೆತದ್ದು ಎಷ್ಟು, ಮರೆತಿಲ್ಲದ್ದು ಎಷ್ಟು

"ಎಲ್ಲಾ ಮರೆತುಹೋಗಿದೆ" ಅನ್ನುವುದು ಮರಳುವವರ ದೊಡ್ಡ ಹೆದರಿಕೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಇದರಲ್ಲಿ ಅರ್ಧ ನಿಜ ಇದೆ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ನೆನಪಿನ ಬಗ್ಗೆ ಒಂದು ಪುಸ್ತಕ ಬರೆದರು. ಪ್ರಯೋಗ ಮಾಡಿದ್ದು ತಮ್ಮ ಮೇಲೆಯೇ. ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ಬಾಯಿಪಾಠ ಮಾಡುವುದು, ಬಿಡುವುದು, ಕೆಲವು ಗಂಟೆ ಅಥವಾ ದಿನ ಕಳೆದು ಮತ್ತೆ ಕಲಿಯುವುದು. ಮರೆವು ಎಷ್ಟು ಬೇಗ ಬರುತ್ತದೆ ಅನ್ನುವುದಕ್ಕೆ ಎಲ್ಲರೂ ಈ ಪ್ರಯೋಗವನ್ನು ನೆನೆಯುತ್ತಾರೆ. ನನಗೆ ಹಿಡಿಸಿದ್ದು ಅದರ ಇನ್ನೊಂದು ಮುಖ. ಮತ್ತೆ ಕಲಿಯುವಾಗ ಮೊದಲಿಗಿಂತ ಕಡಿಮೆ ಹೊತ್ತು ಸಾಕಾಗುತ್ತಿತ್ತು. ಆ ಉಳಿತಾಯವನ್ನೇ ಅವರು ಅಳೆದರು. ಅಂದರೆ ನೆನಪಿಗೆ ಬಾರದ್ದೆಲ್ಲ ಅಳಿಸಿಹೋಗಿದೆ ಅಂತಲ್ಲ. ಅದು ಒಳಗೆಲ್ಲೋ ಉಳಿದಿರುತ್ತದೆ. ಸುಮ್ಮನೆ ಕೂತು ನೆನಪಿಸಿಕೊಳ್ಳಲು ಹೋದರೆ ಸಿಗುವುದಿಲ್ಲ, ಮತ್ತೆ ಕಲಿಯಲು ಕೂತಾಗ ಮೇಲೆ ಬರುತ್ತದೆ.

ಕೈಯ ಕೆಲಸ ಇನ್ನೂ ಗಟ್ಟಿ. ಸೈಕಲ್, ಈಜು, ಹೊಲಿಗೆ, ರೊಟ್ಟಿ ತಟ್ಟುವುದು ವರ್ಷಗಟ್ಟಲೆ ಬಿಟ್ಟರೂ ಕೈಯಲ್ಲಿ ಕೂತಿರುತ್ತದೆ. ಬೇಗ ಜಾರುವುದು ಹಂತಗಳ ಕ್ರಮ. ಇದಾದ ಮೇಲೆ ಇದು, ಆಮೇಲೆ ಅದು ಅನ್ನುವ ರೀತಿಯದು. ನನಗೂ ಹಾಗೆಯೇ ಆಯಿತು. ನರ ಹುಡುಕುವ ಬೆರಳು ಮರೆತಿರಲಿಲ್ಲ. ಟ್ಯೂಬುಗಳನ್ನು ಯಾವ ಕ್ರಮದಲ್ಲಿ ತುಂಬಬೇಕು ಅನ್ನುವುದು ಮಸುಕಾಗಿತ್ತು. ಮೊದಲು ನೀಲಿ ಮುಚ್ಚಳ, ಆಮೇಲೆ ಕೆಂಪು, ಆಮೇಲೆ ನೇರಳೆ, ಕೊನೆಗೆ ಬೂದು. ಒಂದರ ರಾಸಾಯನಿಕ ಇನ್ನೊಂದಕ್ಕೆ ತಾಗಿ ರಿಪೋರ್ಟ್ ಕೆಡಬಾರದು ಅಂತ ಈ ಕ್ರಮ. ಅದನ್ನು ಒಂದು ಚೀಟಿಯಲ್ಲಿ ಬರೆದು ಕೋಟಿನ ಜೇಬಿಗೆ ಹಾಕಿಕೊಂಡೆ. ಹತ್ತು ದಿನದಲ್ಲಿ ಚೀಟಿ ಬೇಡವಾಯಿತು.

ಮೂರನೆಯದು, ನಿಜಕ್ಕೂ ಹೊಸದು. ನಾನು ಬಿಟ್ಟಾಗ ರಿಜಿಸ್ಟರಿನಲ್ಲಿ ಕೈಬರಹ ಇತ್ತು. ಬಂದಾಗ ಬಾರ್‌ಕೋಡ್, ಕಂಪ್ಯೂಟರ್, ವಾಟ್ಸಾಪಿನಲ್ಲಿ ರಿಪೋರ್ಟ್. ಅದನ್ನು ನಾನು ಮರೆತದ್ದಲ್ಲ, ಯಾವತ್ತೂ ಕಲಿತೇ ಇರಲಿಲ್ಲ. ಇವೆರಡನ್ನೂ ಕಲಸಿ "ನಂಗೆ ಏನೂ ಬರಲ್ಲ" ಅಂತ ಅಳುವುದು ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯ. ಪಕ್ಕದ ಕೌಂಟರಿನ ಹುಡುಗಿ ನನಗಿಂತ ಹದಿನೈದು ವರ್ಷ ಚಿಕ್ಕವಳು. "ಅಕ್ಕಾ, ಇಲ್ಲಿ ಸ್ಕ್ಯಾನ್ ಮಾಡಿ, ಇಲ್ಲಿ ಒತ್ತಿ, ಅಷ್ಟೇ" ಅಂತ ಮೂರು ದಿನ ಬೇಸರವಿಲ್ಲದೆ ಹೇಳಿಕೊಟ್ಟಳು. ಅವಳಿಗೆ ಮಕ್ಕಳ ಕೈಯಲ್ಲಿ ನರ ಹುಡುಕುವುದು ಕಷ್ಟ. ಅದನ್ನು ನಾನು ಹೇಳಿಕೊಟ್ಟೆ.

ವಿಮಾನ ಹಾರಿಸುವವರಿಗೆ ಈ ವಿಷಯದಲ್ಲಿ ಒಂದು ಒಳ್ಳೆಯ ನಿಯಮ ಇದೆ. ಅಮೆರಿಕದ ನಿಯಮದಂತೆ, ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಬೇಕಾದರೆ ಹಿಂದಿನ 90 ದಿನಗಳಲ್ಲಿ ಪೈಲಟ್ ಕನಿಷ್ಠ ಮೂರು ಸಲ ವಿಮಾನ ಏರಿಸಿ ಇಳಿಸಿರಬೇಕು. "ನಿನಗೆ ಧೈರ್ಯ ಇದೆಯಾ?" ಅಂತ ಯಾರೂ ಕೇಳುವುದಿಲ್ಲ. ಮೂರು ಸಲ ಏರಿಸು, ಮೂರು ಸಲ ಇಳಿಸು. ಎಷ್ಟು ಸರಳ ನೋಡಿ. ಸಾವಿರಾರು ಗಂಟೆ ಹಾರಿದವರಿಗೂ ಬಿಡುವು ಆದರೆ ಕೈ ಜಡ್ಡುಗಟ್ಟುತ್ತದೆ ಅನ್ನುವುದನ್ನು ಅದು ಒಪ್ಪಿಕೊಂಡಿದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಅನ್ನುವುದನ್ನೂ.

ಮನಸ್ಸು ಸರಿಹೋದ ಮೇಲೆ ಮಾಡಬೇಕಾ?

ನಮ್ಮಲ್ಲಿ ಒಂದು ಗಾದೆ ಇದೆ: ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ಚಿಕ್ಕಂದಿನಿಂದ ಕೇಳಿದ್ದೆ, ಅದರ ಎರಡನೇ ಅರ್ಧ ಎಷ್ಟು ನಿಜ ಅಂತ ಆ ನಾಲ್ಕು ತಿಂಗಳಲ್ಲಿ ಗೊತ್ತಾಯಿತು. ಅನುಮಾನದ ಬಗ್ಗೆ ಯೋಚಿಸಿದಷ್ಟೂ ಅದು ಕೊಬ್ಬುತ್ತದೆ.

ಮನೋಚಿಕಿತ್ಸೆಯಲ್ಲೂ ಇದರ ಬಗ್ಗೆ ಕೆಲಸ ನಡೆದಿದೆ. ಖಿನ್ನತೆಗೆ ಕೊಡುವ ಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಭಾಗ ಇತ್ತು. ಒಂದು, ತಲೆಯೊಳಗಿನ ಯೋಚನೆಗಳನ್ನು ತಿದ್ದುವುದು. ಇನ್ನೊಂದು, ದಿನದ ಚಟುವಟಿಕೆಗಳನ್ನು ಸ್ವಲ್ಪ ಸ್ವಲ್ಪವೇ ಮತ್ತೆ ಶುರು ಮಾಡಿಸುವುದು. ಅಮೆರಿಕದ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು ಇವನ್ನು ಬಿಡಿಸಿ ಪರೀಕ್ಷೆ ಮಾಡಿದರು. 1996ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಚಟುವಟಿಕೆಯ ಭಾಗವನ್ನು ಮಾತ್ರ ಪಡೆದವರು ಪೂರ್ತಿ ಚಿಕಿತ್ಸೆ ಪಡೆದವರಷ್ಟೇ ಚೇತರಿಸಿಕೊಂಡರು. ಒಳಗಿನ ಯೋಚನೆ ಸರಿಯಾಗಲಿ ಅಂತ ಕಾಯದೆ, ಹೊರಗಿನ ಕೆಲಸದಿಂದ ಶುರು ಮಾಡಿದರೂ ಒಳಗು ಬದಲಾಗುತ್ತದೆ ಅಂತ ಇದರಿಂದ ಕಂಡಿತು.

ಆದರೆ ಒಂದು ಎಚ್ಚರಿಕೆ. ವಾರಗಟ್ಟಲೆ ನಿದ್ದೆ, ಊಟ ಎರಡೂ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ಬರೀ ಅನುಮಾನ ಅಲ್ಲ, ಕಾಯಿಲೆ ಇರಬಹುದು. ಡಾಕ್ಟರಿಗೆ ತೋರಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು.

ಎಷ್ಟು ದೊಡ್ಡ ಹೆಜ್ಜೆ?

"ಸುಮ್ನೆ ಧುಮುಕಿಬಿಡು" ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಧುಮುಕಿ ಮುಳುಗಿದರೆ ಆ ಸೋಲು ಹೊಸ ಪುರಾವೆಯಾಗಿ ಸೇರಿಕೊಳ್ಳುತ್ತದೆ. ಹಾವಿನ ಪ್ರಯೋಗದಲ್ಲಿ ಹಂತ ಇದ್ದದ್ದು ಅದಕ್ಕೇ. ಹೆಜ್ಜೆ ಎಷ್ಟಿರಬೇಕೆಂದರೆ, ಸ್ವಲ್ಪ ಹೆದರಿಕೆ ಆಗಬೇಕು, ಆದರೆ ಮುಗಿಸಲು ಆಗಬೇಕು.

ನಾನು ಮಾಡಿದ್ದು ಹೀಗೆ. ಮೊದಲು ಮನೆಯಲ್ಲಿ ಎಲ್ಲರ ಕೈ ಹಿಡಿದೆ. ಸೂಜಿ ಇಲ್ಲ, ಬರೀ ದುಪಟ್ಟಾ ಕಟ್ಟಿ ನರ ಹುಡುಕುವುದು. ಯಜಮಾನ್ರ ಕೈಯಲ್ಲಿ ಹಗ್ಗದ ಹಾಗೆ ಎದ್ದು ಕಾಣುತ್ತದೆ, ಹುಡುಕುವ ಶ್ರಮವೇ ಇಲ್ಲ. ಮಗನ ಕೈ ಗುಂಡು ಗುಂಡು, ಅದರಲ್ಲಿ ಕಷ್ಟ. "ಅಮ್ಮಾ ಸಾಕು ಬಿಡು, ಹೋಮ್‌ವರ್ಕ್ ಇದೆ" ಅಂತ ಅವನು ಕಿತ್ತುಕೊಂಡು ಓಡುತ್ತಿದ್ದ. ಪಕ್ಕದ ಮನೆ ಆಂಟಿ, ಹಾಲಿನವರು, ಯಾರನ್ನೂ ಬಿಡಲಿಲ್ಲ. ಎರಡು ವಾರದಲ್ಲಿ ಹತ್ತು ಹನ್ನೆರಡು ಕೈಗಳಾದವು. ಕಣ್ಣು ಮುಚ್ಚಿ ಹುಡುಕಿ ನೋಡಿದೆ, ಸಿಕ್ಕಿತು.

ಆಮೇಲೆ ಆ ಫೋನ್. ಅದಕ್ಕೂ ಒಂದು ಉಪಾಯ ಬೇಕಾಯಿತು. ಪೀಟರ್ ಗೋಲ್‌ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟ ವಿಷಯ ಒಂದಿದೆ. "ಮಾಡಬೇಕು" ಅಂತ ಅಂದುಕೊಳ್ಳುವುದಕ್ಕಿಂತ, "ಇದಾದ ಕೂಡಲೇ ಅದು" ಅಂತ ಹೊತ್ತು ಜಾಗ ಗಂಟು ಹಾಕಿಟ್ಟರೆ ಕೆಲಸ ನಡೆಯುವ ಸಾಧ್ಯತೆ ಜಾಸ್ತಿ. ಆ ಕ್ಷಣದಲ್ಲಿ ಮತ್ತೆ ನಿರ್ಧಾರ ಮಾಡಬೇಕಾಗಿಲ್ಲ ನೋಡಿ, ಆಗಲೇ ಮಾಡಿ ಆಗಿದೆ. ಮಗನನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿದ ಕೂಡಲೇ, ಗೇಟಿನ ಹತ್ತಿರ ನಿಂತೇ, ಒಳಗೆ ಹೋಗುವ ಮೊದಲು ಫೋನ್ ಅಂತ ಇಟ್ಟುಕೊಂಡೆ. ವ್ಯಾನ್ ತಿರುವು ದಾಟಿತು. ಒತ್ತಿದೆ. ಮಾತು ಮುಗಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. "ಸೋಮವಾರ ಬಾಮ್ಮ" ಅಂದರು.

ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಐದು ವರ್ಷ ಗ್ಯಾಪ್ ಆಗಿದೆ ಸರ್. ಎರಡು ವಾರ ನೀವು ಜೊತೆಗಿದ್ದು ನೋಡಿ." ಇದು ನನ್ನ ಕೆಲಸದಲ್ಲಿ ಬಹಳ ಮುಖ್ಯ. ಅನುಮಾನ ಯಾವಾಗಲೂ ಸುಳ್ಳು ಹೇಳುವುದಿಲ್ಲ. ಕೈ ಜಡ್ಡುಗಟ್ಟಿರುವುದು ನಿಜವೇ ಆಗಿದ್ದರೆ, ಅದರ ನೋವು ನನಗಲ್ಲ, ಎದುರು ಕೂತವರಿಗೆ. ನರ್ಸ್, ಡ್ರೈವರ್, ಎಲೆಕ್ಟ್ರಿಷಿಯನ್, ಇಂಥ ಕೆಲಸಕ್ಕೆ ಮರಳುವವರು ಮೊದಲು ಯಾರದಾದರೂ ಕಣ್ಣೆದುರು ಮಾಡಬೇಕು. ಮೊದಲ ನಾಲ್ಕು ದಿನ ನಾನು ಹೆಸರು ಬರೆದು ಟ್ಯೂಬಿಗೆ ಅಂಟಿಸಿದೆ, ಪಕ್ಕದಲ್ಲಿ ನಿಂತು ನೋಡಿದೆ. ಐದನೇ ದಿನ ಸರ್ ಒಬ್ಬ ಜಿಮ್ಮಿಗೆ ಹೋಗುವ ಹುಡುಗನನ್ನು ಕರೆದು, "ಇವನದು ನೀವು ತೆಗೀರಿ" ಅಂದರು. ಬೇಕೆಂದೇ ಅವನನ್ನು ಆರಿಸಿದ್ದರು. ಆ ಉಪಕಾರ ನನಗೆ ಆಮೇಲೆ ಅರ್ಥವಾಯಿತು. ದಿನಕ್ಕೆ ಮೂರು, ಆಮೇಲೆ ಏಳು, ಆಮೇಲೆ ಹದಿನೈದು. ದಪ್ಪ ಕೈಗಳು, ವಯಸ್ಸಾದವರು ಕೊನೆಗೆ ಬಂದರು. ಆ ಅಜ್ಜಿ ಬಂದದ್ದು ಮೂರನೇ ವಾರ.

ನಮ್ಮ ಕೆ.ಎಲ್. ರಾಹುಲ್ ನೆನಪಾಗುತ್ತಾರೆ. 2023ರ ಮೇ 1ರಂದು ಐಪಿಎಲ್ ಪಂದ್ಯದಲ್ಲಿ ತೊಡೆಗೆ ಪೆಟ್ಟು ಬಿದ್ದು, ಶಸ್ತ್ರಚಿಕಿತ್ಸೆ ಆಗಿ, ತಿಂಗಳುಗಟ್ಟಲೆ ಆಟದಿಂದ ಹೊರಗಿದ್ದರು. ಏಷ್ಯಾ ಕಪ್ಪಿನ ಮೊದಲ ಎರಡು ಪಂದ್ಯಗಳಿಗೂ ಸಿಗಲಿಲ್ಲ. ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಪಾಕಿಸ್ತಾನದ ಎದುರು ಶ್ರೇಯಸ್ ಅಯ್ಯರ್ ಬೆನ್ನುನೋವಿನಿಂದ ಹೊರಗುಳಿದರು. ಟಾಸ್‌ಗೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ರಾಹುಲ್‌ಗೆ "ನೀನು ಆಡ್ತೀಯ" ಅಂತ ತಿಳಿಯಿತು. ಮಳೆಯಿಂದ ಮಾರನೇ ದಿನಕ್ಕೆ ಹೋದ ಆ ಪಂದ್ಯದಲ್ಲಿ ಅವರು ಔಟಾಗದೆ 111 ಹೊಡೆದರು. ಎಲ್ಲರೂ ಆ ಶತಕ ನೆನೆಯುತ್ತಾರೆ. ನಾನು ಅದರ ಹಿಂದಿನ ತಿಂಗಳುಗಳನ್ನು ನೆನೆಯುತ್ತೇನೆ. ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ ಯಾರೂ ಚಪ್ಪಾಳೆ ಹೊಡೆಯದ ಅಭ್ಯಾಸ. ಮೊದಲು ನಡೆಯುವುದು, ಆಮೇಲೆ ಓಡುವುದು, ಆಮೇಲೆ ಬ್ಯಾಟು, ಆಮೇಲೆ ಕೀಪಿಂಗ್ ಗ್ಲೋವ್ಸ್. ಕರೆ ಬಂದಾಗ ಕಾಲು ಸಿದ್ಧವಿತ್ತು.

ಎಲ್ಲವೂ ನಮ್ಮ ತಲೆಯೊಳಗೇ ಇಲ್ಲ

ಇದನ್ನು ಹೇಳದಿದ್ದರೆ ಮೋಸವಾಗುತ್ತದೆ. ಮರಳುವವರ ಹೆದರಿಕೆಯಲ್ಲಿ ಒಂದು ಪಾಲು ಹೊರಗಿನಿಂದ ಬಂದದ್ದು. ಒಂದು ಕಡೆ ಇಂಟರ್‌ವ್ಯೂಗೆ ಹೋದಾಗ ನನ್ನ ಮುಖ ನೋಡದೆ ಕಾಗದ ನೋಡಿ, "ಐದು ವರ್ಷ ಏನೂ ಮಾಡಿಲ್ವಾ?" ಅಂತ ಕೇಳಿದರು. ಎರಡು ಗಂಟೆಗೊಮ್ಮೆ ಅಮ್ಮನ ಮಗ್ಗುಲು ಬದಲಿಸಿದ್ದು, ಬೆನ್ನಿಗೆ ಹುಣ್ಣಾಗದಂತೆ ಕಾದದ್ದು, ಬಿಪಿ ಶುಗರ್ ಬರೆದಿಟ್ಟದ್ದು ಅವರ ಲೆಕ್ಕದಲ್ಲಿ ಏನೂ ಅಲ್ಲ. ಅಂಥ ಕಡೆ ನಮ್ಮ ಧೈರ್ಯ ಎಷ್ಟಿದ್ದರೂ ಬಾಗಿಲು ತೆರೆಯುವುದಿಲ್ಲ. ತಪ್ಪು ನಮ್ಮದಲ್ಲ ಅಂತ ಗೊತ್ತಿರಬೇಕು.

ಹೆರಿಗೆಗೆ ನಮ್ಮ ದೇಶದಲ್ಲಿ ಕಾನೂನಿನ ಆಸರೆ ಇದೆ. 2017ರ ತಿದ್ದುಪಡಿಯಲ್ಲಿ ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತಲೂ ಇದೆ. ಬಿಟ್ಟು ಬಂದವರಿಗಾಗಿಯೇ ಇರುವ ಯೋಜನೆಗಳೂ ಕೆಲವು ಇವೆ. ಟಾಟಾ ಸಮೂಹ 2008ರಲ್ಲಿ ಮಹಿಳೆಯರಿಗೆ ಎರಡನೇ ಇನ್ನಿಂಗ್ಸಿನ ತರಬೇತಿ ಕೆಲಸ ಶುರು ಮಾಡಿತು. ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆ, ಸಂಶೋಧನೆ ಬಿಟ್ಟಿದ್ದ ಮಹಿಳೆಯರಿಗೆ ಫೆಲೋಶಿಪ್ ಕೊಡುತ್ತಾ ಬಂದಿದೆ. ಇಂಥವು ದೊಡ್ಡ ಓದಿನವರಿಗೆ, ದೊಡ್ಡ ಊರಿನವರಿಗೆ ಸಿಗುವುದೇ ಜಾಸ್ತಿ. ಸಣ್ಣ ಊರಿನ ಲ್ಯಾಬಿನಲ್ಲಿ, ಟೈಲರ್ ಅಂಗಡಿಯಲ್ಲಿ, ಖಾಸಗಿ ಶಾಲೆಯಲ್ಲಿ ಮರಳುವ ಹೆಂಗಸಿಗೆ ಸಿಗುವುದು "ಸೋಮವಾರ ಬಾಮ್ಮ" ಅನ್ನುವ ಒಬ್ಬ ಮನುಷ್ಯ, ಅದೃಷ್ಟ ಇದ್ದರೆ.

ಸೂಜಿ ತಪ್ಪಿದ ದಿನ

ಎರಡನೇ ತಿಂಗಳಲ್ಲಿ ಒಂದು ದಿನ ಡಯಾಲಿಸಿಸ್ ಮಾಡಿಸಿಕೊಳ್ಳುವ ಒಬ್ಬರು ಬಂದರು. ಒಂದು ಕೈಯನ್ನು ಮುಟ್ಟುವಂತಿಲ್ಲ, ಡಯಾಲಿಸಿಸ್‌ಗೆ ಮೀಸಲು. ಇನ್ನೊಂದು ಕೈ ಚುಚ್ಚಿ ಚುಚ್ಚಿ ಗಟ್ಟಿಯಾಗಿತ್ತು. ಮೊದಲ ಸಲ ತಪ್ಪಿತು. ಕ್ಷಮೆ ಕೇಳಿ, ಜಾಗ ಬದಲಿಸಿ, ಇನ್ನೊಂದು ಸಲ ಪ್ರಯತ್ನಿಸಿದೆ. ಅದೂ ತಪ್ಪಿತು. ಅವರು ಏನೂ ಅನ್ನಲಿಲ್ಲ, ಕಣ್ಣು ಮುಚ್ಚಿಕೊಂಡರು. ನೇರಳೆ ಮುಚ್ಚಳದ ಆ ಹಳೆಯ ಟ್ಯೂಬ್ ಕಣ್ಣ ಮುಂದೆ ಬಂತು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಎರಡು ಸಲ ತಪ್ಪಿದರೆ ಮೂರನೇ ಸಲ ಚುಚ್ಚಬಾರದು, ಇನ್ನೊಬ್ಬರನ್ನು ಕರೆಯಬೇಕು. ಎಷ್ಟೇ ಅನುಭವ ಇದ್ದವರಿಗೂ ಇದೇ. ತಪ್ಪುವುದು ಈ ಕೆಲಸದೊಳಗೇ ಇದೆ ಅಂತ ಗೊತ್ತಿದ್ದವರೇ ಅದನ್ನು ಮಾಡಿಟ್ಟಿದ್ದಾರೆ. ಕೆಲಸ ಬಿಡುವ ಮೊದಲು ನನಗೂ ಎಷ್ಟೋ ಸಲ ತಪ್ಪಿದೆ, ಎಷ್ಟೋ ಸಲ ಬೇರೆಯವರನ್ನು ಕರೆದಿದ್ದೇನೆ. ಆಗ ಅದು ಬರೀ "ಇವತ್ತು ಸಿಗಲಿಲ್ಲ" ಆಗಿತ್ತು. ಗ್ಯಾಪ್ ಆದ ಮೇಲೆ ಅದೇ ತಪ್ಪು "ನನಗೆ ಬರುವುದಿಲ್ಲ" ಅಂತ ಕೇಳಿಸುತ್ತದೆ. ತಪ್ಪು ಅದೇ, ಅದಕ್ಕೆ ನಾವು ಕೊಡುವ ಹೆಸರು ಬೇರೆ.

ಪಟ್ಟಿ ಬಿಚ್ಚಿದೆ. ಹತ್ತಿ ಇಟ್ಟು ಒತ್ತಿ ಹಿಡಿಯಲು ಹೇಳಿದೆ. "ಸರ್, ಸ್ವಲ್ಪ ಬರ್ತೀರಾ?" ಅಂತ ಒಳಗೆ ಕೂಗಿದೆ. ಅವರು ಬಂದು ಕೈಯ ಹಿಂಭಾಗದಲ್ಲಿ ಸಣ್ಣ ಸೂಜಿಯಿಂದ ತೆಗೆದರು. ಎಲ್ಲಿ ಹುಡುಕಿದರು, ಹೇಗೆ ಚರ್ಮ ಎಳೆದು ಹಿಡಿದರು ಅಂತ ಬಗ್ಗಿ ನೋಡಿಕೊಂಡೆ. ಟ್ಯೂಬನ್ನು ನನ್ನ ಕೈಗೆ ಕೊಟ್ಟು ಅವರು ಒಳಗೆ ಹೋದರು. ಎಂಟು ಸಲ ನಿಧಾನಕ್ಕೆ ತಲೆಕೆಳಗು ಮಾಡಿ ಸ್ಟ್ಯಾಂಡಿಗೆ ಇಟ್ಟೆ.

ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು. ಮುಂದಿನ ಟೋಕನ್ ಕರೆದೆ.